ವೇಲ್ಸಿಗೆ ಹೋದ ಖಾಲಿ ತಟ್ಟೆ

ತುಮಕೂರು: ಹೊರಡುವ ಮುನ್ನ

ನಮ್ಮ ಚರ್ಚಿನ ಸಭೆಯವರು ನನ್ನನ್ನು ವೇಲ್ಸಿಗೆ ಆರಿಸಿ ಕಳಿಸಿದ್ದು ನನ್ನ ಭಕ್ತಿ ನೋಡಿ ಎಂದು ನಾನು ಬೀಗಿದ್ದೆ. ನಿಜ ಸಂಗತಿ ಬೇರೆಯೇ ಇತ್ತು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ಹುಡುಗರ ಜಗಳ ಬಿಡಿಸಿ ಅಭ್ಯಾಸವಿದೆ, ಆದ್ದರಿಂದ ಇವಳೇ ಸರಿ ಎಂದು ನಮ್ಮ ಸಭಾಪಾಲಕರು ಲೆಕ್ಕ ಹಾಕಿದ್ದರು.

ವೇಲ್ಸಿನ ಒಂದು ಸಣ್ಣ ಊರಿನ ಚಾಪೆಲ್ ಎಂಬ ಪುಟ್ಟ ಚರ್ಚಿಗೂ ನಮ್ಮ ಕಡೆಯ ಸಭೆಗಳಿಗೂ ಹಳೆಯ ಸ್ನೇಹ. ಆ ಊರಿನ ಯಾರದೋ ಅಜ್ಜಿಯ ಅಕ್ಕ ಗುಬ್ಬಿ ಸುತ್ತಮುತ್ತ ಹೆರಿಗೆ ಮಾಡಿಸುತ್ತಲೇ ಆಯುಸ್ಸು ಕಳೆದಿದ್ದರಂತೆ. ಆ ನೆನಪಿಗೆ ನಮ್ಮ ಸ್ತ್ರೀಸಂಘದ ಮೂವರು ಬಂದು ಒಂದು ವಾರ ಇರಲಿ ಎಂದು ಆ ಊರಿನವರು ಕರೆದರು. ತುಮಕೂರಿನಿಂದ ನಾನು, ಗುಬ್ಬಿಯಿಂದ ದಯಾಮಣಿ, ಕುಣಿಗಲ್ಲಿನಿಂದ ಪ್ರೇಮಲತಾ.

ದಯಾಮಣಿ ನರ್ಸಾಗಿದ್ದವಳು. ನಿವೃತ್ತಿಯಾಗಿದ್ದರೂ ಎದುರಿಗೆ ಬಂದವರ ಕಣ್ಣಿನ ರೆಪ್ಪೆ ಎಳೆದು ರಕ್ತ ಕಡಿಮೆ ಇದೆಯಾ ಎಂದು ನೋಡದೆ ಬಿಡುವುದಿಲ್ಲ. ಪ್ರೇಮಲತಾ ಬಟ್ಟೆ ಹೊಲಿಯುತ್ತಾಳೆ. ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಕೆಲಸ ಮಾಡಿ ಮಾಡಿ, ಪಿನ್ನಿಲ್ಲದಾಗಲೂ ಬಾಯಿ ಬಿಡುವುದನ್ನು ಮರೆತಿದ್ದಾಳೆ. ದಯಾಮಣಿಯ ತಮ್ಮ ಸತ್ಯಣ್ಣನ ಹೆಂಡತಿಯೇ ಈ ಪ್ರೇಮಲತಾ. ಈ ಅತ್ತಿಗೆ ನಾದಿನಿಯರು ಮಾತು ಬಿಟ್ಟು ಒಂದು ವರ್ಷವಾಗುತ್ತ ಬಂದಿತ್ತು. ಕಾರಣ ಒಂದು ತಟ್ಟೆ.

ಕ್ರಿಸ್ಮಸ್ಸಿಗೆ ನಮ್ಮ ಮನೆಗಳಿಂದ ರೋಸ್ ಕುಕ್ಕಿ, ಕಲ್ಕಲ್, ಚಕ್ಕುಲಿ ಜೋಡಿಸಿದ ತಟ್ಟೆಗಳು ಕಸೂತಿ ಬಟ್ಟೆ ಹೊದ್ದು ಬೀದಿ ಸುತ್ತುತ್ತವೆ. ಆ ತಟ್ಟೆಯನ್ನು ಯಾರೂ ಬರಿದಾಗಿ ಹಿಂತಿರುಗಿಸುವುದಿಲ್ಲ. ನಮ್ಮ ಪಕ್ಕದ ಮನೆಯ ನಸೀಮಾ ಖರ್ಜೂರ ಇಟ್ಟು ಕೊಡುತ್ತಾಳೆ, ಎದುರುಮನೆಯ ಗೌರಮ್ಮ ಬೆಲ್ಲದಚ್ಚು ಇಡುತ್ತಾರೆ. ಏನೂ ಇಲ್ಲದವರು ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಹೋದ ವರ್ಷ ದಯಾಮಣಿ ಗುಬ್ಬಿಯಿಂದ ತಮ್ಮನ ಮನೆಗೆ ಕಳಿಸಿದ್ದ ತಟ್ಟೆ ಮಾತ್ರ ತೊಳೆದು, ಒರೆಸಿ, ಫಳಫಳ ಹೊಳೆಯುತ್ತಾ ಖಾಲಿ ಬಂತು.

"ಒಂದ್ ಕಾಳ್ ಸಕ್ರೆ ಇಲ್ಲ ಟೀಚರ್! ಸಂಬಂಧ ತೊಳ್ಕೊಂಡೆ ಅಂತ ತಾನೇ ಅರ್ಥ?" ಎಂದು ದಯಾಮಣಿ ನನ್ನ ಮುಂದೆ ಕಣ್ಣೀರು ಹಾಕಿದ್ದಳು. ಪ್ರೇಮಲತಾಳನ್ನು ಕೇಳಿದರೆ, "ಅವ್ರನ್ನೇ ಕೇಳಿ" ಎಂದು ತುಟಿ ಬಿಗಿದಳು.

ಇದು ಅವರಿಬ್ಬರ ಪಾಡಿಗೆ ಇದ್ದಿದ್ದರೆ ನನಗೇನೂ ಆಗಬೇಕಿರಲಿಲ್ಲ. ಆದರೆ ದಯಾಮಣಿಯ ಮಗಳು ನಿರ್ಮಲಾಳ ಮದುವೆ ಜನವರಿಗೆ ಗೊತ್ತಾಗಿತ್ತು. ಹುಡುಗಿಗೆ ತಂದೆಯಿಲ್ಲ. ಅವಳನ್ನು ಕೈಹಿಡಿದು ಚರ್ಚಿನ ಬಾಗಿಲಿನಿಂದ ಒಳಗೆ ಕರೆದೊಯ್ಯಬೇಕಾದವನು ಸೋದರಮಾವ ಸತ್ಯಣ್ಣ. ನನ್ನ ಹೆಂಡತಿಯನ್ನು ಕರೆಯದ ಮನೆಗೆ ನಾನೂ ಬರುವುದಿಲ್ಲ ಎಂದು ಅವನು ಹಟ ಹಿಡಿದಿದ್ದ. ಅವಳು ಮೊದಲು ಮಾತಾಡಲಿ, ಆಮೇಲೆ ಕರೆಯುತ್ತೇನೆ ಎಂದು ದಯಾಮಣಿಯ ಹಟ.

ನಿರ್ಮಲಾ ನನ್ನ ಹಳೆಯ ವಿದ್ಯಾರ್ಥಿನಿ. ಹೊರಡುವ ಮುಂಚಿನ ದಿನ ಬಂದು ನನ್ನ ಕೈ ಹಿಡಿದುಕೊಂಡಳು. "ಟೀಚರ್, ಮಾವ ಪಕ್ಕದಲ್ಲಿ ಇಲ್ದೆ ಆ ಬಾಗ್ಲಿಂದ ನಾನು ಒಬ್ಳೇ ಹೆಂಗ್ ಒಳಗ್ ಹೋಗ್ಲಿ? ಹೆಂಗಾದ್ರೂ ಮಾಡಿ ಅವ್ರಿಬ್ರನ್ನ ಮಾತಾಡ್ಸಿ."

ಆಗಲಿ ಎಂದುಬಿಟ್ಟೆ. ಹೇಳುವಾಗ ನಾಲಿಗೆಗೆ ಏನು ಭಾರ.

ವಿಮಾನ: ನಡುವಿನ ಸೀಟು

ವಿಮಾನದಲ್ಲಿ ಕಿಟಕಿ ಪಕ್ಕ ಪ್ರೇಮಲತಾ, ದಾರಿ ಪಕ್ಕ ದಯಾಮಣಿ, ನಡುವೆ ನಾನು. ಇಬ್ಬರಿಗೂ ಕನ್ನಡವೇ ಮನೆಮಾತು. ಆದರೂ ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

"ಟೀಚರ್, ಒಂದೇ ಸಮ ಕೂತಿದ್ರೆ ಕಾಲು ಊದ್ಕೊಳ್ಳುತ್ತೆ, ಆಗಾಗ ಎದ್ದು ಓಡಾಡ್ಬೇಕು ಅಂತ ಅವ್ರಿಗೆ ಹೇಳಿ."

"ಪ್ರೇಮಾ, ಕಾಲು..."

"ಕೇಳಿಸ್ತು. ನನ್ ಕಾಲು ನಾನ್ ನೋಡ್ಕೋತೀನಿ ಅಂತ ಹೇಳಿ."

ಊಟ ಬಂತು. ದಯಾಮಣಿ ಕಣ್ಣುಮುಚ್ಚಿ ಪ್ರಾರ್ಥನೆಗೆ ಶುರುವಿಟ್ಟಳು. ಗುಬ್ಬಿಯಲ್ಲಿ ಅವಳ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಇಡ್ಲಿ ತಣ್ಣಗಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಪಾಪ, ಗಗನಸಖಿಗೆ ಗೊತ್ತಿರಲಿಲ್ಲ. ಪೈಲಟ್ಟಿಗಾಗಿ, ರೆಕ್ಕೆಗಳಿಗಾಗಿ, ಅಡುಗೆ ಮಾಡಿದ ಕೈಗಳಿಗಾಗಿ, ಹಿಂದಿನ ಸಾಲಿನಲ್ಲಿ ಕೆಮ್ಮುತ್ತಿದ್ದ ಮುದುಕರ ಎದೆಗಾಗಿ ಬೇಡಿಕೆ ಸಲ್ಲಿಸುವವರೆಗೂ ಆ ಹುಡುಗಿ ಚಹಾದ ಕೆಟಲ್ ಹಿಡಿದು ತಾನೂ ಕಣ್ಣುಮುಚ್ಚಿ ನಿಂತಿದ್ದಳು. ಇಷ್ಟೆಲ್ಲ ಜನ ಬಂದುಹೋದ ಆ ಪ್ರಾರ್ಥನೆಯಲ್ಲಿ ಕಿಟಕಿ ಪಕ್ಕದ ಸೀಟಿನವಳು ಮಾತ್ರ ಬರಲಿಲ್ಲ.

ವೇಲ್ಸ್: ಚಿಕ್ಕ ಪ್ರಾರ್ಥನೆ, ಚಿಕ್ಕ ಕುದುರೆ

ನಮ್ಮನ್ನು ಮನೆಯಲ್ಲಿ ಇಳಿಸಿಕೊಂಡವರು ಮೇಗನ್ ಮತ್ತು ಎಮ್ರಿಸ್ ಎಂಬ ವಯಸ್ಸಾದ ದಂಪತಿ. ಮೇಗನ್ ಚುರುಕು ಹೆಂಗಸು. ಎಮ್ರಿಸ್ ಎತ್ತರದ, ಸಂಕೋಚದ ಮನುಷ್ಯ. ತನ್ನ ಮನೆಯ ಬೆಕ್ಕಿಗೂ ದಾರಿ ಬಿಟ್ಟು ಸಾರಿ ಹೇಳುತ್ತಾನೆ. ನಮ್ಮ ಬಸ್ಸುಗಳಲ್ಲಿ ಕಾಲು ತುಳಿದವರೇ ನೋಡ್ಕೊಂಡ್ ನಿಂತ್ಕೊಳಮ್ಮ ಎನ್ನುವುದು ನೆನಪಾಗಿ ನನಗೆ ಅವನ ಮೇಲೆ ಕನಿಕರ ಬಂತು.

ನೀವಿಬ್ಬರೂ ಒಂದೇ ಕುಟುಂಬದವರಲ್ಲವೇ ಎಂದು ಮೇಗನ್ ಅತ್ತಿಗೆ ನಾದಿನಿಯರನ್ನು ಒಂದೇ ಕೋಣೆಗೆ ಕಳಿಸಿದಳು. ನನಗೆ ಒಳಗೊಳಗೇ ಖುಷಿ. ಬೆಳಿಗ್ಗೆ ಇಣುಕಿ ನೋಡಿದರೆ, ಎರಡು ಮಂಚದ ನಡುವೆ ಮೂವರ ಸೂಟ್‌ಕೇಸುಗಳನ್ನೂ ಪೇರಿಸಿ ಗೋಡೆ ಕಟ್ಟಿದ್ದರು. ನನ್ನ ಸೂಟ್‌ಕೇಸನ್ನು ಯಾವಾಗ ಒಯ್ದರೋ ಗೊತ್ತಾಗಲಿಲ್ಲ.

ಊಟಕ್ಕೆ ಕುಳಿತಾಗ ಎಮ್ರಿಸ್ ತಲೆಬಾಗಿಸಿ, "ಕೊಟ್ಟದ್ದಕ್ಕೆ ವಂದನೆ, ಆಮೆನ್" ಎಂದು ಚಮಚ ಎತ್ತಿಕೊಂಡ. ಅಷ್ಟೇ. ದಯಾಮಣಿ ಇದು ಪೀಠಿಕೆ ಎಂದುಕೊಂಡು ಕಣ್ಣುಮುಚ್ಚಿಯೇ ಕುಳಿತಿದ್ದಳು. ನಾನು ಮೊಣಕೈಯಿಂದ ತಿವಿದೆ.

"ಮುಗೀತಾ? ದೇವ್ರಿಗೆ ಮಿಸ್ ಕಾಲ್ ಕೊಟ್ಟಂಗಾಯ್ತಲ್ಲ ಟೀಚರ್!"

ಆ ಊರಿನಲ್ಲಿ ಜನಕ್ಕಿಂತ ಕುರಿ ಹೆಚ್ಚು. ಮಳೆ ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂದು ಯಾರೂ ಕೇಳುವುದಿಲ್ಲ. ಗುಡ್ಡದ ಮೇಲೆ ಕುಳ್ಳ ಕುದುರೆಗಳು ಮೇಯುತ್ತಿದ್ದವು. ಪ್ರೇಮಲತಾ ಕುಣಿಗಲ್ಲಿನ ಕುದುರೆ ಫಾರಂ ಬೇಲಿಯ ಪಕ್ಕದಲ್ಲೇ ಬೆಳೆದವಳು. ನೆಗೆದರೆ ಮರ ದಾಟುವಂತಹ ಕುದುರೆಗಳನ್ನು ನೋಡಿದವಳು ಇವನ್ನು ಬಹಳ ಹೊತ್ತು ದಿಟ್ಟಿಸಿದಳು.

"ಇವೇನ್ ಟೀಚರ್, ನೀರಿಗ್ ಹಾಕ್ದೆ ಹೊಲ್ದು, ಆಮೇಲ್ ಒಗ್ದು ಕುಗ್ಸಿರೋ ಕುದ್ರೆಗಳಾ?"

ದಯಾಮಣಿ ಫಕ್ಕನೆ ನಕ್ಕಳು. ತಾನು ನಕ್ಕಿದ್ದು ಯಾರ ಮಾತಿಗೆ ಎಂದು ತಕ್ಷಣ ನೆನಪಾಯಿತು. ಆ ನಗುವನ್ನು ಕೆಮ್ಮಾಗಿ ತಿರುಗಿಸಲು ಅವಳು ಪಟ್ಟ ಪಾಡು ನೋಡಲಾರದೆ ನಾನೂ ಕುರಿಗಳ ಕಡೆ ತಿರುಗಿಕೊಂಡೆ.

ಮಂಗಳವಾರ: ಸೂಪು

ಭಾನುವಾರ ಆ ಚಾಪೆಲ್ಲಿಗೆ ಬರುವವರು ಬೆರಳೆಣಿಕೆಯಷ್ಟು ಮಂದಿ ಎಂದು ಮೇಗನ್ ಮೊದಲೇ ಹೇಳಿದ್ದಳು. ಮಂಗಳವಾರ ಮಾತ್ರ ಬೆಂಚುಗಳು ತುಂಬಿದ್ದವು. ಅಂದು ಯಾರು ಬೇಕಾದರೂ ಬಂದು ಬಿಸಿ ಸೂಪು ಕುಡಿದು, ಬೇಕೆನಿಸುವಷ್ಟು ಹೊತ್ತು ಕೂತು ಹೋಗಬಹುದು. ಮನೆಯಲ್ಲಿ ಒಬ್ಬರೇ ಇರುವವರು, ಕೆಲಸ ಕಳೆದುಕೊಂಡವರು, ಸುಮ್ಮನೆ ಬೆಚ್ಚಗಿರಲು ಬಂದವರು. ಮೇಗನ್ ಬಡಿಸುತ್ತಿದ್ದಳು, ಎಮ್ರಿಸ್ ತೋಳು ಮಡಿಸಿಕೊಂಡು ಪಾತ್ರೆ ತೊಳೆಯುತ್ತಿದ್ದ.

ದಯಾಮಣಿಗೆ ಚಡಪಡಿಕೆ. "ಇವ್ರು ದೇವ್ರ ಹೆಸ್ರು ಯಾವಾಗ್ ಎತ್ತುತಾರೆ ಟೀಚರ್? ಕೇಳಿ."

ಕೇಳಿದೆ. ಮೇಗನ್ ಸೌಟು ಹಿಡಿದೇ ಯೋಚಿಸಿ, "ಹೊಟ್ಟೆ ತುಂಬಿದ ಮೇಲೆ, ಅವರಾಗಿಯೇ ಎತ್ತಿದರೆ ಎತ್ತುತ್ತೇವೆ. ಇಲ್ಲದಿದ್ದರೆ ಇನ್ನೊಂದು ಬಟ್ಟಲು ಸೂಪು ಕೊಡುತ್ತೇವೆ" ಎಂದಳು.

ಅಷ್ಟರಲ್ಲಿ ಪ್ರೇಮಲತಾ ಒಬ್ಬ ಮುದುಕರ ಕೋಟಿನಲ್ಲಿ ಗುಂಡಿ ಹೋಗಿದ್ದನ್ನು ನೋಡಿದಳು. ಕೈಚೀಲದಿಂದ ಸೂಜಿ ದಾರ ತೆಗೆದು, ಮಾತಿಲ್ಲದೆ ಕೋಟು ಬಿಚ್ಚಿಸಿಕೊಂಡು ಹೊಲಿದು ಕೊಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಮುಂದೆ ಹರಿದ ಜೇಬು, ಕಿತ್ತ ಜಿಪ್ಪುಗಳ ಸಾಲು ನಿಂತಿತು. ದಯಾಮಣಿಗೆ ತಡೆಯಲಾಗಲಿಲ್ಲ. ಬಿಪಿ ಯಂತ್ರ ಅವಳ ಚೀಲದಲ್ಲೇ ಇತ್ತು. ಅದಿಲ್ಲದೆ ಅವಳು ಸಂತೆಗೂ ಹೋಗುವುದಿಲ್ಲ. ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತಳು. ಒಬ್ಬಳು ಕೋಟು ಬಿಚ್ಚಿಸುವುದು, ಇನ್ನೊಬ್ಬಳು ಅದೇ ತೋಳಿಗೆ ಪಟ್ಟಿ ಕಟ್ಟುವುದು. ಇಬ್ಬರ ನಡುವೆ ಒಂದು ಮಾತಿಲ್ಲ, ಕೆಲಸ ಮಾತ್ರ ಬಾಣದಂತೆ ಸಾಗಿತು. ನನಗೆ ಆಲೂಗಡ್ಡೆ ಸುಲಿಯಲು ಕೊಟ್ಟಿದ್ದರು. ನಾನು ಸುಲಿದ ಮೇಲೆ ಆಲೂಗಡ್ಡೆಗಿಂತ ಸಿಪ್ಪೆಯೇ ದಪ್ಪವಾಗಿತ್ತು ಎಂದು ಮೇಗನ್ ಬಹಳ ನಯವಾಗಿ ಹೇಳಿದಳು.

ಎಮ್ರಿಸ್‌ಗೆ ಶುಗರ್ ಇದೆ ಎಂದು ಗೊತ್ತಾಗಿದ್ದು ಅಂದೇ. ಬಿಸ್ಕತ್ತಿನ ಡಬ್ಬಿಯ ಕಡೆ ಅವನ ಕೈ ಹೋಯಿತು, ಮೇಗನ್ ಗಂಟಲು ಸರಿಮಾಡಿದಳು, ಕೈ ಹಿಂದೆ ಬಂತು.

"ನಮ್ ಸತ್ಯನ್ ಥರಾನೇ" ಎಂದು ದಯಾಮಣಿ ನನಗೆ ಹೇಳಿದಳು. ಪ್ರೇಮಲತಾ ಸೂಜಿಯಿಂದ ಕಣ್ಣೆತ್ತದೆ, "ಹೂಂ" ಎಂದಳು. ಆ ಹೂಂ ಯಾರಿಗೆ ಸೇರಬೇಕು ಎಂದು ಇಬ್ಬರೂ ನಿರ್ಧರಿಸಲಿಲ್ಲ.

ಶನಿವಾರ: ತಟ್ಟೆ

ಪಕ್ಕದ ಮನೆಯ ಗ್ವೆನ್ ಎಂಬಾಕೆ ನಮಗೆಂದು ಒಣದ್ರಾಕ್ಷಿ ಹಾಕಿದ ಸಣ್ಣ ಸಣ್ಣ ಕೇಕುಗಳನ್ನು ಪಿಂಗಾಣಿ ತಟ್ಟೆಯಲ್ಲಿ ಕಳಿಸಿದಳು. ತಿಂದು ಮುಗಿಸಿದೆವು. ಮೇಗನ್ ತಟ್ಟೆ ತೊಳೆದು ಹಿಂತಿರುಗಿಸಲು ಹೊರಟಾಗ ದಯಾಮಣಿ ಬಾಗಿಲಿಗೆ ಅಡ್ಡ ನಿಂತಳು.

"ನೋ, ಸಿಸ್ಟರ್! ಎಮ್ಟಿ ಪ್ಲೇಟ್, ನೋ!"

ಆ ಮಾತಿಗೆ ಪ್ರೇಮಲತಾಳ ಮುಖ ಬಿಗಿದುಕೊಂಡಿತು. ಆದರೂ ಎದ್ದು ಹೋಗಿ, ಊರಿನಿಂದ ತಂದಿದ್ದ ತನ್ನ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಒಳಗೆ ಎಳ್ಳು ಮೆತ್ತಿದ ಕಜ್ಜಾಯ. ತಟ್ಟೆಯಲ್ಲಿ ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದಳು. ಮೇಗನ್ ಒಲೆಯ ಕಡೆ ಹೋದಾಗ, ಇದೇನು ಎಂದು ಎಮ್ರಿಸ್ ಕುತೂಹಲದಿಂದ ಕೇಳಿದ. ಅಕ್ಕಿಹಿಟ್ಟು, ಬೆಲ್ಲ, ಹೆಸರು ಕಜ್ಜಾಯ ಎಂದು ವಿವರಿಸಿದೆ. ಅವನು ಆ ಹೆಸರನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ ಕಲಿತ. ನಾನೇ ಕೊಟ್ಟು ಬರುತ್ತೇನೆ, ಹೊರಗೆ ಮಳೆ, ನೀವು ನೆನೆಯಬೇಡಿ ಎಂದು ಬೇರೆಯವರ ಮನೆಗೆ ಹೋಗುವುದಲ್ಲವೇ ಎಂದು ಭಾನುವಾರದ ಟೈ ಕಟ್ಟಿಕೊಂಡೇ ತಟ್ಟೆ ಹಿಡಿದು ಹೊರಟ. ಎಷ್ಟು ಉಪಕಾರಿ ಎಂದು ನಾವು ಮೂವರೂ ಮೆಚ್ಚಿಕೊಂಡೆವು.

ಪಕ್ಕದ ಮನೆಗೆ ಹೋಗಿಬರಲು ಅವನಿಗೆ ಯಾಕೆ ಅಷ್ಟು ಹೊತ್ತು ಹಿಡಿಯಿತು ಎಂದು ಯಾರೂ ಕೇಳಲಿಲ್ಲ.

ಭಾನುವಾರ: ಸಮಾಧಾನ

ನಮ್ಮ ಆರಾಧನೆಯಲ್ಲಿ ಒಂದು ಪದ್ಧತಿಯಿದೆ. ಒಬ್ಬರ ಜೋಡಿಸಿದ ಕೈಗಳನ್ನು ಇನ್ನೊಬ್ಬರು ತಮ್ಮ ಅಂಗೈಗಳ ನಡುವೆ ಹಿಡಿದು "ಸಮಾಧಾನ" ಎನ್ನಬೇಕು. ಅದು ಮುಂದಿನಿಂದ ಹಿಂದಿನ ಸಾಲಿನವರೆಗೆ ಕೈಯಿಂದ ಕೈಗೆ ದಾಟಿ ಹೋಗುತ್ತದೆ. ಬಸ್ಸು ತಪ್ಪಿದವರಿಗೂ ಅಳುವ ಮಗುವಿಗೂ ಹೇಳುವ ಅದೇ ಮಾತು. ಜಗಳವಾಡಿದವರಿಗೆ ಇದರಷ್ಟು ಇಕ್ಕಟ್ಟು ಬೇರೆ ಇಲ್ಲ. ಆದ್ದರಿಂದಲೇ ತಾಲ್ಲೂಕುಗಳ ಕೂಡು ಆರಾಧನೆಯಲ್ಲಿ ದಯಾಮಣಿ ಈ ಕಂಬದ ಮುಂದೆ ಕೂತರೆ ಪ್ರೇಮಲತಾ ಆ ಕಂಬದ ಹಿಂದೆ ಕೂರುತ್ತಿದ್ದಳು. ದೇವರ ಸಮಾಧಾನ ಕಂಬ ಸುತ್ತಿ ಬರುವಷ್ಟರಲ್ಲಿ ಹಾಡು ಶುರುವಾಗುತ್ತಿತ್ತು.

ಆ ಪದ್ಧತಿಯನ್ನು ನಮಗೂ ತೋರಿಸಿಕೊಡಿ ಎಂದು ಅಲ್ಲಿನ ಸಭಾಪಾಲಕಿ ಕೇಳಿದ್ದರು. ನಾನು ಉಪಾಯ ಹೂಡಿದ್ದೆ. ನಡುವೆ ನಾನು ನಿಂತು, ಎಡಕ್ಕೊಬ್ಬಳಿಗೆ ಬಲಕ್ಕೊಬ್ಬಳಿಗೆ ಬೇರೆ ಬೇರೆಯಾಗಿ ಸಮಾಧಾನ ಕೊಡುವುದು. ಅವರನ್ನು ಮಾತಾಡಿಸುವ ಆಸೆ ಅಷ್ಟರಲ್ಲಿ ಬಿಟ್ಟಿದ್ದೆ. ಮಾನ ಉಳಿದರೆ ಸಾಕಾಗಿತ್ತು. ನಿರ್ಮಲಾಳಿಗೆ ಏನು ಹೇಳಲಿ ಎಂಬುದೊಂದೇ ಉಳಿದಿತ್ತು.

ಚಾಪೆಲ್ಲಿನ ಬಾಗಿಲಲ್ಲಿ ಗ್ವೆನ್ ಸಿಕ್ಕಳು. ದಯಾಮಣಿಯ ಕೈ ಕುಲುಕಿ, "ತಟ್ಟೆಯನ್ನು ಎಷ್ಟು ಚೆನ್ನಾಗಿ ತೊಳೆದು ಕಳಿಸಿದ್ದೀರಿ! ಅಷ್ಟು ಶ್ರಮ ಬೇಕಿರಲಿಲ್ಲ" ಎಂದಳು.

"ತೊಳ್ದು?" ದಯಾಮಣಿ ನನ್ನ ಕಡೆ ತಿರುಗಿದಳು. "ತೊಳ್ದು ಅಂದ್ಲಾ ಟೀಚರ್? ಬರೀ ತೊಳ್ದು?"

ಪಕ್ಕದಲ್ಲಿ ಎಮ್ರಿಸ್ ಮಳೆ ನಿಂತಿತೇ ಎಂದು ಆಕಾಶ ಪರೀಕ್ಷಿಸುತ್ತಿದ್ದ. ದಯಾಮಣಿ ಅವನ ಬಳಿ ಹೋಗಿ, ಟೈ ಮೇಲಿಂದ ಏನನ್ನೋ ಎರಡು ಬೆರಳಲ್ಲಿ ಹೆಕ್ಕಿ ಬೆಳಕಿಗೆ ಹಿಡಿದಳು. ಒಂದು ಎಳ್ಳು. ಅವನ ಮುಖದಲ್ಲಿದ್ದ ಭಯ, ನಾಚಿಕೆ, ಇನ್ನೂ ಆರದ ರುಚಿ, ಎಲ್ಲವನ್ನೂ ಪ್ರೇಮಲತಾ ನೋಡಿದಳು. ಅವಳ ಬಾಯಿ ತಾನಾಗಿ ತೆರೆಯಿತು. ಅಷ್ಟರಲ್ಲಿ ಆರ್ಗನ್ ಶುರುವಾಗಿ ನಮ್ಮನ್ನು ಮುಂದಿನ ಬೆಂಚಿಗೆ ಕೂರಿಸಿದರು.

ಕರೆದಾಗ ಮೂವರೂ ಎದ್ದು ನಿಂತೆವು. ನಿಮ್ಮ ಕೈ ಹಿಡಿದವರು ಏನು ಹೇಳುತ್ತಾರೋ ಅದನ್ನೇ ಪಕ್ಕದವರಿಗೆ ಹೇಳುತ್ತಾ ಹೋಗಿ ಎಂದು ನಾನು ಸಭೆಗೆ ವಿವರಿಸಿದೆ. ದಯಾಮಣಿಯ ಕಡೆ ತಿರುಗಿ ಕೈ ಹಿಡಿಯಬೇಕು, ಪ್ರೇಮಲತಾ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

"ಅತ್ತಿಗೆ, ಹೋದ್ ಕ್ರಿಸ್ಮಸ್ಸಿಗೆ ನಿಮ್ ತಟ್ಟೆ ತಂದ್ಕೊಟ್ಟಿದ್ ಯಾರು?"

"ಇನ್ಯಾರು, ನಮ್ ಸತ್ಯ."

"ಖಾಲಿ ಬಂತಾ?"

"ತೊಳ್ದು ಒರ್ಸಿ ಬಂತು."

"ತಟ್ಟೆ ತುಂಬಾ ಇಟ್ಟು ಕಳ್ಸಿದ್ದೆ ಕಣತ್ತಿಗೆ! ಕಜ್ಜಾಯ!"

ದಯಾಮಣಿ ಅವಳ ಎರಡೂ ಕೈ ಹಿಡಿದುಕೊಂಡಳು. "ಕಜ್ಜಾಯಾ?"

"ಕಜ್ಜಾಯ!"

ಇಬ್ಬರ ಕಣ್ಣಲ್ಲೂ ನೀರು. ಸಭೆ ಭಕ್ತಿಯಿಂದ ನೋಡುತ್ತಿತ್ತು. ಮುಂದಿನ ಸಾಲಿನ ಮೇಗನ್ ವಿಧೇಯಳಾಗಿ ಕೈಜೋಡಿಸಿ ನಿಂತಳು. ದಯಾಮಣಿ ಇನ್ನೂ ಆ ಗುಂಗಿನಲ್ಲೇ ಮೇಗನ್‌ಳ ಕೈಗಳನ್ನು ಹಿಡಿದು, ಅವಳ ಮುಖ ನೋಡಿ, "ಕಜ್ಜಾಯ" ಎಂದಳು. ಮೇಗನ್ ಗಂಭೀರವಾಗಿ ತಿರುಗಿ ಗಂಡನ ಕೈ ಹಿಡಿದು "ಕಜ್ಜಾಯ" ಎಂದಳು. ಆ ಪದದ ಅರ್ಥ ಗೊತ್ತಿದ್ದ ಊರವನು ಅಲ್ಲಿ ಅವನೊಬ್ಬನೇ. ಕಿವಿಯ ತುದಿಯವರೆಗೂ ಕೆಂಪಾಗಿ ಅವನು ಅದನ್ನು ಗ್ವೆನ್‌ಗೆ ದಾಟಿಸಿದ. ಹೀಗೆ ಕಜ್ಜಾಯ ಬೆಂಚಿನಿಂದ ಬೆಂಚಿಗೆ ಸಾಗಿತು.

ತಿದ್ದೋಣವೆಂದು ನಾನು ಹಿಂದಿನ ಸಾಲಿಗೆ ಓಡಿದೆ. ಅಲ್ಲಿ ಒಬ್ಬರೇ ಕೂತಿದ್ದ ಮುದುಕಿಯೊಬ್ಬರು ನನ್ನ ಕೈ ಹಿಡಿದು, ಆ ಮಾತನ್ನು ತಪ್ಪಿಲ್ಲದೆ ಹೇಳಿ, ಕೈ ಬಿಡಲೇ ಇಲ್ಲ. ಗಂಡ ಹೋದ ಮೇಲೆ ಯಾರೂ ಹೀಗೆ ಎರಡೂ ಕೈಯಿಂದ ಹಿಡಿದಿರಲಿಲ್ಲ ಎಂದರು. ನನಗೆ ತಿದ್ದಬೇಕೆನಿಸಲಿಲ್ಲ. ನಾನೂ "ಕಜ್ಜಾಯ" ಎಂದೆ. ಅತ್ತೂಬಿಟ್ಟೆ.

ಮನೆಗೆ ಬಂದ ಮೇಲೆ, ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದು ಇಬ್ಬರನ್ನೂ ಗದರಿದೆ.

"ಕೊಟ್ಟಿದ್ದನ್ನ ಮುಟ್ತಾ ಅಂತ ಬಾಯ್ ಬಿಟ್ಟು ಕೇಳಕ್ಕಾಗುತ್ತಾ ಟೀಚರ್? ಚೆನ್ನಾಗಿತ್ತು ಅಂತ ಒಂದ್ ಮಾತು ಬರ್ಲಿಲ್ವಲ್ಲ ಅಂತ ನಂಗೆ ನೋವು" ಎಂದಳು ಪ್ರೇಮಲತಾ.

"ಕೊಡ್ದೆ ಇದ್ದಿದ್ದನ್ನ ಯಾಕ್ ಕೊಡ್ಲಿಲ್ಲ ಅಂತ ನಾನಾದ್ರೂ ಹೆಂಗ್ ಕೇಳ್ಲಿ?" ಎಂದಳು ದಯಾಮಣಿ.

ಇಬ್ಬರೂ ಮರ್ಯಾದಸ್ಥರು. ಅದೇ ತೊಂದರೆ.

ಕುಣಿಗಲ್ಲಿಗೆ ವೀಡಿಯೋ ಕಾಲ್ ಹೋಯಿತು. ಪರದೆಯ ಮೇಲೆ ಅಕ್ಕ ಮತ್ತು ಹೆಂಡತಿಯ ಮುಖ ಒಟ್ಟಿಗೆ ಕಂಡದ್ದೇ ಸತ್ಯಣ್ಣನಿಗೆ ಅರ್ಥವಾಯಿತು.

"ಏನ್ಲಾ ಸತ್ಯ, ಬಸ್ಸಲ್ಲಿ ಕಜ್ಜಾಯ ಹೆಂಗಿತ್ತು?"

"ನೆಟ್‌ವರ್ಕ್ ಸರಿ ಇಲ್ಲ ಕಣಕ್ಕಾ..."

"ನೆಟ್‌ವರ್ಕ್ ಚೆನ್ನಾಗೈತೆ. ನಿನ್ ಮೀಸೆ ನಡುಗೋದೂ ಕಾಣ್ತೈತೆ."

ಸತ್ಯಣ್ಣ ಮೀಸೆಯ ಮೇಲೆ ಕೈ ಮುಚ್ಚಿಕೊಂಡ. "ಕುಣಿಗಲ್ ಕೆರೆ ದಾಟೋವಾಗ ಒಂದೇ ಒಂದು ಅಂದ್ಕೊಂಡೆ. ತುಮ್ಕೂರ್ ಬರೋಷ್ಟ್ರಲ್ಲಿ ಎರಡೇ ಉಳ್ಕೊಂಡ್ವು. ಬರೀ ಎರಡು ಕೊಟ್ರೆ ಪ್ರೇಮನ ಮರ್ಯಾದೆ ಹೋಗುತ್ತೆ ಅಂತ ಅವನ್ನೂ ತಿಂದೆ. ಬಸ್‌ಸ್ಟ್ಯಾಂಡ್ ನಲ್ಲೀಲಿ ತಟ್ಟೆ ತೊಳ್ದೆ."

"ವರ್ಷದಿಂದ ಯಾಕ್ಲಾ ಬಾಯ್ ಬುಡ್ಲಿಲ್ಲ?"

"ನೀವಿಬ್ರೂ ಸೇರ್ಕೊಂಡು ಬೈತೀರಲ್ಲ ಅಂತ ಭಯ." ಅವನ ದನಿ ಸಣ್ಣಗಾಯಿತು. "ಅಕ್ಕಾ, ನಿರ್ಮಲನ ಕೈ ಹಿಡ್ಕೊಂಡ್ ಹೋಗಕ್ಕೆ ನಾನ್ ಬರ್ಬೋದಾ?"

ದಯಾಮಣಿ ಪಕ್ಕಕ್ಕೆ ತಿರುಗಿ, "ಪ್ರೇಮಾ, ಮದ್ವೇಗೆ ಬಾರಮ್ಮ. ಬರೋವಾಗ ಅವನ್ನೂ ಕರ್ಕೊಂಡ್ ಬಾ" ಎಂದಳು. ಅಂದು ಸಂಜೆ ಮಂಚಗಳ ನಡುವಿನ ಗೋಡೆಯಿಂದ ನನ್ನ ಸೂಟ್‌ಕೇಸು ವಾಪಸು ಬಂತು.

ಗುಬ್ಬಿ: ಬಾಗಿಲು

ಜನವರಿಯಲ್ಲಿ ಸತ್ಯಣ್ಣ ಬೂದು ಕೋಟು ತೊಟ್ಟು ಸೊಸೆಯ ಕೈ ಹಿಡಿದು ಆ ಬಾಗಿಲಿನಿಂದ ಒಳಗೆ ಬಂದ. ನಿರ್ಮಲಾ ನನ್ನ ಬೆಂಚು ದಾಟುವಾಗ ಮುಸುಕಿನೊಳಗಿಂದ ಒಮ್ಮೆ ನನ್ನ ಕಡೆ ನೋಡಿದಳು. ಅವಳ ಬಟ್ಟೆ ಹೊಲಿದವಳು ಅತ್ತೆ ಪ್ರೇಮಲತಾ. ಮೊದಲ ಸಾಲಿನಲ್ಲಿ, ಕಂಬಗಳ ಗೊಡವೆಯಿಲ್ಲದೆ, ದಯಾಮಣಿಯ ಪಕ್ಕದಲ್ಲೇ ಕೂತಿದ್ದಳು.

ಸಮಾಧಾನ ದಾಟಿಸುವ ಹೊತ್ತು ಬಂತು. ಸತ್ಯಣ್ಣ ಅಕ್ಕನ ಮುಂದೆ ನಿಂತು ಕೈಜೋಡಿಸಿದ. ದಯಾಮಣಿ ಆ ಕೈಗಳನ್ನು ತನ್ನ ಅಂಗೈಗಳ ನಡುವೆ ಹಿಡಿದುಕೊಂಡಳು. ಮೊದಲು ಮೂಗಿನ ಹತ್ತಿರ ತಂದು, ಬೆಲ್ಲದ ವಾಸನೆ ಇದೆಯಾ ಎಂದು ಮೂಸಿ ನೋಡಿದಳು. ಆಮೇಲೆ ಕಣ್ಣಿಗೆ ಒತ್ತಿಕೊಂಡಳು.